ನೆರಳೊಡೆಯನ ಉಸಿರು

ಭಾನುವಾರದ ಪುರವಣಿಯಲ್ಲಿ ಹನ್ನೊಂದನೆಯ ಪ್ರಶ್ನೆ ಅಚ್ಚಾಗದೇ ಹೋಗಿದ್ದರೆ ಪ್ರೂಫಣ್ಣ ಆ ದಿನವನ್ನೂ ಎಂದಿನಂತೆ ಬೆನ್ನು ನೀವಿಕೊಳ್ಳುತ್ತಾ ಕಳೆದುಬಿಡುತ್ತಿದ್ದ.

ಔಷಧಿಯ ಡಬ್ಬಿಯೊಳಗೆ ಎಂಟು ಮಡಿಕೆ ಮಾಡಿ ಒಂದು ಕಾಗದ ಇಟ್ಟಿರುತ್ತಾರಲ್ಲ, ಇರುವೆ ಸಾಲಿನಂಥ ಅಕ್ಷರದ್ದು, ಅದನ್ನು ಮೊದಲಿನಿಂದ ಕೊನೆಯವರೆಗೆ ಓದುವ ಮನುಷ್ಯ ಬಹುಶಃ ಲೋಕದಲ್ಲಿ ಇವನೊಬ್ಬನೇ. ಮುದ್ರಣಾಲಯವೊಂದರಲ್ಲಿ ಅಂಥ ಕಾಗದಗಳ ಪ್ರೂಫ್ ತಿದ್ದುವುದು ಅವನ ಕೆಲಸ. 'ತಲೆ ಸುತ್ತಬಹುದು', 'ತೂಕಡಿಕೆ ಬರಬಹುದು', 'ಮಕ್ಕಳ ಕೈಗೆ ಸಿಗದಂತೆ ಇಡಿ' ಎಂಬುದನ್ನೆಲ್ಲ ತಿದ್ದುತ್ತಾ ಇಪ್ಪತ್ತು ವರ್ಷ ಸವೆದಿದ್ದವು. ಅವನ ಕೆಲಸವನ್ನು ಯಾರೂ ಹೊಗಳಿದ್ದಿಲ್ಲ, ಯಾಕೆಂದರೆ ಯಾರೂ ಓದಿದ್ದಿಲ್ಲ.

ಮನೆಯಲ್ಲೂ ಅವನ ಸ್ಥಾನ ಹೆಚ್ಚುಕಡಿಮೆ ಹಾಗೇ ಇತ್ತು. ಮದುವೆಯಾಗಿ ಹತ್ತೊಂಬತ್ತು ವರ್ಷ. ಅದರಲ್ಲಿ ಕೊನೆಯ ಹನ್ನೊಂದು ವರ್ಷ ಅವನು ಮಲಗಿದ್ದು ನಡುಮನೆಯಲ್ಲಿ, ಚಪ್ಪಲಿ ಗೂಡಿನ ಪಕ್ಕದ ಮರದ ಬೆಂಚಿನ ಮೇಲೆ. ಬೆಂಚಿನ ಅಗಲ ಒಂದೂಕಾಲು ಅಡಿ. ಮಗ್ಗುಲು ಬದಲಾಯಿಸಿದರೆ ನೇರ ಚಪ್ಪಲಿಗಳ ಮೇಲೆ. ಬಿದ್ದರೂ ಅವನಿಗೆ ಎಚ್ಚರವಾಗುತ್ತಿರಲಿಲ್ಲ. ಬೆಳಿಗ್ಗೆ ಕೆನ್ನೆಯ ಮೇಲೆ ಅಟ್ಟೆಯ ಗುರುತು ನೋಡಿ ತಿಳಿದುಕೊಳ್ಳಬೇಕಿತ್ತು.

ಗಡೀಪಾರಿಗೆ ಕಾರಣ ಗೊರಕೆ.

"ನಿಮ್ಮ ಗೊರಕೆಗೆ ನನಗೆ ದಡಕ್ಕನೆ ಎಚ್ಚರ ಆಗಿಬಿಡತ್ತೆ ರೀ. ಎದೆ ಹೊಡ್ಕೊಳ್ಳೋಕೆ ಶುರುವಾಗತ್ತೆ," ಎನ್ನುತ್ತಿದ್ದಳು ಹೆಂಡತಿ.

"ನಾನು ಗೊರಕೆ ಹೊಡೆಯಲ್ವೇ ಮಾರಾಯ್ತಿ."

"ನಿದ್ದೆಯಲ್ಲಿದ್ದವರಿಗೆ ಅದು ಹೇಗೆ ಗೊತ್ತಾಗತ್ತೆ, ಹೇಳಿ ನೋಡೋಣ?"

ತಲೆ ದಿಂಬಿಗೆ ತಾಗಿತೆಂದರೆ ಅವನು ಕೊರಡು. ಬೆಂಚಿಗೆ ಹೋದ ಮೇಲಾದರೂ ದೂರು ನಿಂತಿತೇ ಎಂದರೆ ಅದೂ ಇಲ್ಲ. "ಅಷ್ಟು ದೂರ ಮಲಗಿದ್ರೂ ಇಲ್ಲೇ ಕಿವಿ ಪಕ್ಕದಲ್ಲೇ ಹೊಡೆದ ಹಾಗಿರತ್ತಲ್ರೀ! ಅದೇನು ಶಕ್ತಿನೋ ನಿಮ್ಮದು!" ಎಂದು ಅವಳು ಇಡೀ ಕಟ್ಟಡಕ್ಕೆ ಸಾರಿದ್ದಳು. ಹಾಸಿಗೆಯ ಮೇಲೆ ಕೈಕಾಲು ಚಾಚಿ ಮಲಗಬೇಕೆಂಬುದೊಂದೇ ಪ್ರೂಫಣ್ಣನ ಜೀವನದ ಆಸೆಯಾಗಿ ಉಳಿದಿತ್ತು.

ಇಂಥವನಿಗೆ ಐದು ವಾರದ ಹಿಂದೆ ಒಂದು ಸಿನಿಮಾ ಹುಚ್ಚು ಹಿಡಿಸಿತು. ಹೆಸರು 'ನೆರಳೊಡೆಯ'. ಕಾಮಿಕ್ಸ್ ಪುಸ್ತಕದ ಮಹಾ ಖಳನ ಕತೆ. ಅದರಲ್ಲಿ ನಾಯಕನೇ ಇಲ್ಲ, ಇರುವವನು ಖಳನೊಬ್ಬನೇ. ಅವನೂ ಅರ್ಧ ಸಿನಿಮಾ ನಗರದ ಅಡಿಯಲ್ಲಿ ಸಾವಿರ ವರ್ಷದ ನಿದ್ದೆಯಲ್ಲಿರುತ್ತಾನೆ. ಮೇಲಿನ ಬೀದಿಗಳಲ್ಲಿ ಜನ ಓಡಾಡುತ್ತಾರೆ, ಕಾಲ ಕೆಳಗೆ ಅವನ ಉಸಿರು ಏರಿಳಿಯುತ್ತಿರುತ್ತದೆ. ಅದು ಕೇಳುತ್ತಿರುವಷ್ಟು ಹೊತ್ತು ಎಲ್ಲರೂ ಕ್ಷೇಮ. ಮಧ್ಯಂತರಕ್ಕೆ ಸರಿಯಾಗಿ ಉಸಿರು ನಿಲ್ಲುತ್ತದೆ. ಅಂದರೆ ಅವನು ಎದ್ದ! ಆ ಒಂದು ಕ್ಷಣದಲ್ಲಿ ಚಿತ್ರಮಂದಿರದ ಆರು ನೂರು ಜನ ಬಾಯಿಗೆ ಹಾಕಿದ್ದನ್ನು ಅಗಿಯುವುದನ್ನೇ ಮರೆತುಬಿಡುತ್ತಿದ್ದರು.

ಪ್ರೂಫಣ್ಣ ಮೂರು ಸಲ ನೋಡಿದ. ಮೂರು ಸಲವೂ ಮೈಯ ರೋಮವೆಲ್ಲ ಎದ್ದು ನಿಂತಿತು. ಒಂದು ಸಲ ಹೆಂಡತಿಯನ್ನೂ ಅವಳ ತಮ್ಮನನ್ನೂ ಕರೆದುಕೊಂಡು ಹೋಗಿದ್ದ. "ಇಂಥ ಉಸಿರನ್ನು ಎಲ್ಲಿಂದ ತಂದರೋ ಪುಣ್ಯಾತ್ಮರು! ಸಮುದ್ರ ಮಗ್ಗುಲು ಬದಲಾಯಿಸಿದ ಹಾಗಿದೆ," ಎಂದು ಅವನು ಹೇಳಿದರೆ ಹೆಂಡತಿ, "ನಂಗೆ ಕತೇನೇ ಸಿಗಲಿಲ್ಲ ರೀ, ಶುರುವಾಯ್ತು ಅನ್ನೋದ್ರೊಳಗೆ ಮುಗಿದೇ ಹೋಯ್ತು," ಎಂದಿದ್ದಳು.

ಈ ತಮ್ಮ ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವವನು. ನೆರಳೊಡೆಯನ ತೆರೆಮರೆಯ ಸಂಗತಿಗಳನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದಿಟ್ಟುಕೊಂಡು ಕಂಡವರಿಗೆಲ್ಲ ಕೊರೆಯುವುದು ಅವನ ಉಪಕಸುಬು. ಖಳನ ನಿಲುವಂಗಿ ಮಾಡಿದ್ದು ನಲವತ್ತು ಹಳೆಯ ಕೊಡೆಗಳ ಬಟ್ಟೆಯಿಂದ. ಮುಖವಾಡದ ಕಣ್ಣುಗಳು ಸ್ಕೂಟರಿನ ಹಿಂಬದಿಯ ದೀಪಗಳು. ಕುಸಿದುಬೀಳುವ ನಗರವೆಲ್ಲ ಔಷಧಿಯ ರಟ್ಟಿನ ಡಬ್ಬಿಗಳದ್ದು. ಈ ಕೊನೆಯದನ್ನು ಕೇಳಿದ ದಿನ ಪ್ರೂಫಣ್ಣನಿಗೆ ಊಟ ಸೇರಿರಲಿಲ್ಲ. ತನ್ನ ಮುದ್ರಣಾಲಯದ ಡಬ್ಬಿಗಳೂ ಅದರಲ್ಲಿದ್ದವೇನೋ ಎಂಬ ಯೋಚನೆಯಲ್ಲೇ ಅವನ ಹೊಟ್ಟೆ ತುಂಬಿಹೋಗಿತ್ತು.

ಆ ಭಾನುವಾರ ಬೆಳಿಗ್ಗೆ ಈ ತಮ್ಮ ಪುರವಣಿ ಹಿಡಿದುಕೊಂಡು ಏದುಸಿರು ಬಿಡುತ್ತಾ ಬಂದ. "ಭಾವಾ, ಕೂತ್ಕೊಳ್ಳಿ ಮೊದಲು. ಅಕ್ಕಾ, ಭಾವನ್ನ ಹಿಡ್ಕೋ!"

ಪ್ರೇಕ್ಷಕರ ಪ್ರಶ್ನೆಗಳಿಗೆ ಚಿತ್ರತಂಡದವರು ಉತ್ತರಿಸಿದ ಪುಟ ಅದು. ಹನ್ನೊಂದನೆಯ ಪ್ರಶ್ನೆ: 'ನೆರಳೊಡೆಯನ ಉಸಿರು ಯಾವ ಯಂತ್ರದ್ದು?' ಉತ್ತರ ಕೊಟ್ಟವನು ಚಿತ್ರದ ಶಬ್ದಗ್ರಾಹಕ: 'ಯಂತ್ರವೂ ಅಲ್ಲ, ಪ್ರಾಣಿಯೂ ಅಲ್ಲ. ಅದು ನಮ್ಮ ಕೆಳಗಿನ ಮನೆಯ ಮಹನೀಯರೊಬ್ಬರ ಗೊರಕೆ. ಬಚ್ಚಲುಮನೆಯ ಗಾಳಿಕಿಂಡಿಯಿಂದ ಮೈಕ್ ಇಳಿಬಿಟ್ಟು ಹಿಡಿದದ್ದು. ಕೇಳಲು ಧೈರ್ಯ ಬರಲಿಲ್ಲ, ಕ್ಷಮೆ ಇರಲಿ.'

ಶಬ್ದಗ್ರಾಹಕ ಇದ್ದದ್ದು ಪ್ರೂಫಣ್ಣನ ತಲೆಯ ಮೇಲಿನ ಮನೆಯಲ್ಲಿ. ಕತ್ತಿಗೆ ಸದಾ ಹೆಡ್‌ಫೋನು ನೇತುಹಾಕಿಕೊಂಡು, ತೊಟ್ಟಿಕ್ಕುವ ನಲ್ಲಿಯ ಮುಂದೆ ಗಂಟೆಗಟ್ಟಲೆ ಕೂರುವ ಆ ಒಂಟಿ ಆಸಾಮಿಯನ್ನು ಎಲ್ಲರೂ ಸೌಂಡಿನವನು ಎನ್ನುತ್ತಿದ್ದರು.

"ನೋಡಿದ್ರಾ? ನಾನು ಹೇಳಿದ್ರೆ ನಂಬಲಿಲ್ಲ, ಈಗ ಪೇಪರಿನಲ್ಲೇ ಬಂತು," ಎಂದಳು ಹೆಂಡತಿ. ಆದರೆ ಮಾತು ಮುಗಿಯುವ ಹೊತ್ತಿಗೆ ಅವಳ ದನಿ ಮೆತ್ತಗಾಗಿತ್ತು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

ಆ ಉಸಿರು, ಆರು ನೂರು ಜನರನ್ನು ಕುರ್ಚಿಗೆ ಅಂಟಿಸಿದ ಆ ಉಸಿರು, ತನ್ನದು! ತನ್ನ ಈ ಎಲುಬಿನ ಗೂಡಿನಿಂದ ಹೊರಟದ್ದು! ಎದೆಯ ಮೇಲೆ ಕೈ ಇಟ್ಟು ನೋಡಿಕೊಂಡ. ಒಳಗೆ ಯಾರೋ ದೊಡ್ಡವರು ಬಾಡಿಗೆಗೆ ಇದ್ದಾರೇನೋ ಎನಿಸಿತು.

ಒಂಬತ್ತು ಗಂಟೆಯೊಳಗೆ ಕಟ್ಟಡದ ಅರ್ಧ ಜನ ನಡುಮನೆಯಲ್ಲಿದ್ದರು. ಮೊದಲು ಬಂದವರು ನಿವಾಸಿಗಳ ಸಂಘದ ಅಧ್ಯಕ್ಷರಾದ ನಿವೃತ್ತ ಡ್ರಿಲ್ ಮಾಸ್ತರು. ಬೆಂಚಿನ ಮುಂದೆ ಅಟೆನ್ಷನ್ನಿನಲ್ಲಿ ನಿಂತು, "ಇದೇ ಬೆಂಚಾ?" ಎಂದರು.

"ಹೌದು ಸಾರ್."

"ಇದರ ಮೇಲೇನಾ ಮಲಗೋದು?" ಮಾಸ್ತರು ಬಗ್ಗಿ ಬೆಂಚನ್ನು ಮುಟ್ಟಿ ಬೆರಳನ್ನು ಕಣ್ಣಿಗೊತ್ತಿಕೊಂಡರು. "ಪ್ರೂಫಣ್ಣಾ, ನಿನ್ನನ್ನು ಏನೋ ಅಂದ್ಕೊಂಡಿದ್ವಿ. ಎಲೆ ಮರೆಯ ಕಾಯಿ ಕಣಯ್ಯಾ ನೀನು."

ಸೌಂಡಿನವನನ್ನು ಮೇಲಿನಿಂದ ಹೆಚ್ಚುಕಡಿಮೆ ಹೊತ್ತುಕೊಂಡೇ ಬಂದರು. ಅವನು ತಲೆ ತಗ್ಗಿಸಿ, "ಸಾರ್, ತಪ್ಪಾಯ್ತು. ಹನ್ನೆರಡು ಯಂತ್ರ, ಎರಡು ಹುಲಿ, ಒಂದು ಹಡಗು, ಎಲ್ಲಾ ಪ್ರಯತ್ನ ಮಾಡಿದ್ದೆ ಸಾರ್. ಯಾವುದೂ ಹೊಂದಲಿಲ್ಲ. ಕೊನೆಗೆ ಬಚ್ಚಲಲ್ಲಿ ಮುಖ ತೊಳೀತಿದ್ದಾಗ ಕೆಳಗಿಂದ ಇದು ಕೇಳಿಸ್ತು. ಟವೆಲ್ ಕೈಯಲ್ಲೇ ಉಳೀತು," ಎಂದ. ಹೇಳುತ್ತಾ ಅವನ ಕಣ್ಣು ತುಂಬಿತು. ಪ್ರೂಫಣ್ಣನ ಕಣ್ಣೂ ತುಂಬಿತು.

ಸಂಜೆ ನಾಲ್ಕಕ್ಕೆ ಸಂಘದ ಸಭಾಂಗಣದಲ್ಲಿ ಪ್ರೇಕ್ಷಕರ ಜೊತೆ ಸಂವಾದ, ಚಿತ್ರದ ನಿರ್ದೇಶಕಿಯೇ ಬರುತ್ತಾರೆ ಎಂದು ಹೆಂಡತಿಯ ತಮ್ಮ, ಸೌಂಡಿನವನಿಂದ ನಂಬರು ಪಡೆದು, ಫೋನಿನಲ್ಲೇ ಗೊತ್ತುಮಾಡಿದ. ಕೊನೆಯಲ್ಲಿ ಒಂದು ಮಾತು ಸೇರಿಸಿದ: "ಭಾವ ಅಲ್ಲೇ ವೇದಿಕೆ ಮೇಲೆ ಮಲಗಿ ಉಸಿರಾಡಿ ತೋರಿಸ್ತಾರೆ."

"ಅಯ್ಯೋ, ಅಷ್ಟು ಜನರ ಮುಂದೆ ನಿದ್ದೆ ಬರತ್ತೇನೋ?" ಎಂದು ಪ್ರೂಫಣ್ಣ ಬೆವೆತ.

ಹೆಂಡತಿ ಅವನನ್ನು ಅಡುಗೆಮನೆಗೆ ಕರೆದಳು. ಸೆರಗಿನ ತುದಿ ಸುತ್ತುತ್ತಾ, "ರೀ, ಇಷ್ಟು ದೊಡ್ಡವರನ್ನ ಚಪ್ಪಲಿ ಪಕ್ಕ ಮಲಗಿಸಿದ್ದೆ ನಾನು. ಜನ ಏನಂದ್ಕೊಳ್ತಾರೆ? ಇವತ್ತು ಆ ಡೈರೆಕ್ಟರಮ್ಮನ ಮುಂದೆ ಒಂದು ಸಲ ಸರಿಯಾಗಿ ಹೊಡೆದುಬಿಡಿ. ಇವತ್ತಿಂದಲೇ ಹಾಸಿಗೆ ಮೇಲೆ ಮಲಗೋರಂತೆ. ನಂಗೆ ನಿದ್ದೆ ಬರದಿದ್ರೂ ಪರವಾಗಿಲ್ಲ, ಕೇಳಿಸ್ಕೊಂಡು ಕೂತಿರ್ತೀನಿ," ಎಂದಳು.

ಹಾಸಿಗೆ! ಹತ್ತೊಂಬತ್ತು ವರ್ಷ ತನ್ನದಲ್ಲ ಎಂದು ವಾದಿಸಿದ್ದ ಗೊರಕೆಯನ್ನು ಪ್ರೂಫಣ್ಣ ಆ ಕ್ಷಣದಲ್ಲಿ ಮನಸಾರೆ ಒಪ್ಪಿಕೊಂಡ.

ಅಲ್ಲಿಂದ ಮುಂದೆ ಅವನ ದೇಹ ಅವನದಾಗಿ ಉಳಿಯಲಿಲ್ಲ. ಹಗಲು ನಿದ್ದೆ ಮಾಡಿದರೆ ಸಂಜೆಗೆ ಬರುವುದಿಲ್ಲವೆಂದು ಮಾಸ್ತರು ಅವನನ್ನು ಮಹಡಿ ಮೆಟ್ಟಿಲು ಹತ್ತಿಸಿ ಇಳಿಸಿದರು. ಎದುರು ಮನೆಯ ನರ್ಸಮ್ಮ ಪಾದಗಳನ್ನು ಬಿಸಿನೀರಿನಲ್ಲಿ ಮುಳುಗಿಸಿ ಕೂರಿಸಿದಳು. ಗಂಟಲು ಕಾಯಬೇಕೆಂದು ಒಬ್ಬರು ಮಾತಾಡಬೇಡ ಎಂದರು, ಗಂಟಲು ತೆರೆಯಬೇಕೆಂದು ಇನ್ನೊಬ್ಬರು ಕೂಗು ಎಂದರು. ಬಂದವರಿಗೆಲ್ಲ ಚಹಾ ಕಾಸಿ ಕೊಟ್ಟು, ಲೋಟ ತೊಳೆದು, ಮತ್ತೆ ಚಹಾ ಕಾಸಿ ಹೆಂಡತಿಯ ಸೊಂಟ ಬಿದ್ದುಹೋಗಿತ್ತು. ಆದರೂ ಮುಖದಲ್ಲಿ ಕಳೆ. "ನಮ್ಮ ಮನೆಯವರದ್ದು ಮೊದಲಿಂದಲೂ ಹಾಗೇ, ನಾನೇ ಗುರುತಿಸಿದ್ದು," ಎಂದು ಪ್ರತಿ ಲೋಟದ ಜೊತೆ ಹೇಳಿ ಕಳಿಸುತ್ತಿದ್ದಳು.

ನಾಲ್ಕಕ್ಕೆ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ವೇದಿಕೆಯ ಮೇಲೆ ಮಂಚ, ಮಂಚದ ಮೇಲೆ ಬಿಳಿ ಹೊದಿಕೆ, ಅದರ ನೇರಕ್ಕೆ ಮೇಲಿನಿಂದ ಇಳಿಬಿದ್ದ ಮೈಕು. ನಿರ್ದೇಶಕಿ ಬಂದಳು. ಅಷ್ಟು ಭಯಂಕರ ಸಿನಿಮಾ ಮಾಡಿದವಳು ಎತ್ತರದಲ್ಲಿ ಮಾಸ್ತರ ಭುಜಕ್ಕೆ ಬರುತ್ತಿದ್ದಳು, ಮಾತು ಪಿಸುಮಾತು. ಪ್ರೂಫಣ್ಣನನ್ನು ಕಂಡವಳೇ ಎರಡೂ ಕೈಯಲ್ಲಿ ಅವನ ಕೈ ಹಿಡಿದು, "ನಿಮ್ಮ ಉಸಿರು ಕೇಳಿದ ಮೇಲೆ ನಾನು ಇಡೀ ಕತೆ ಬದಲಾಯಿಸಿದೆ. ಮೊದಲು ಅವನು ಮಲಗಿರಲೇ ಇಲ್ಲ, ಗೊತ್ತಾ?" ಎಂದಳು. ತಮ್ಮ ಗಡಬಡಿಸಿ ಇದನ್ನು ನೋಟ್ ಪುಸ್ತಕಕ್ಕೆ ಇಳಿಸಿಕೊಂಡ.

ಪ್ರಶ್ನೆಗಳು ಶುರುವಾದವು. ಸಾವಿರ ವರ್ಷ ಮಲಗಿದವನ ಉಗುರು ಯಾಕೆ ಬೆಳೆದಿಲ್ಲ ಎಂದು ನರ್ಸಮ್ಮ ಕೇಳಿದಳು. ಮುಖವಾಡ ತೆಗೆಯದೇ ಹಲ್ಲುಜ್ಜುವುದು ಹೇಗೆ ಎಂದು ಹಿಂದಿನ ಸಾಲಿನವರೊಬ್ಬರು ಎದ್ದರು. ಅವನು ಎದ್ದು ನಡೆಯುವಾಗ ಎಡಗಾಲನ್ನೇ ಮೊದಲು ಇಟ್ಟದ್ದಕ್ಕೆ ಮಾಸ್ತರು ನಿರ್ದೇಶಕಿಯನ್ನು ಅಭಿನಂದಿಸಿದರು. ಆಮೇಲೆ ಪ್ರಶ್ನೆಗಳೆಲ್ಲ ಮಂಚದ ಮೇಲೆ ಕುಳಿತಿದ್ದ ಪ್ರೂಫಣ್ಣನ ಕಡೆ ತಿರುಗಿದವು.

"ಉಸಿರು ಎಳೆಯುವಾಗ ಮನಸ್ಸಿನಲ್ಲಿ ಏನು ಅಂದ್ಕೊಳ್ತೀರಿ ಸಾರ್?"

"ಏನೂ ಇಲ್ಲ... ನಿದ್ದೆಯಲ್ಲಿರ್ತೀನಲ್ಲ," ಎಂದ ಪ್ರೂಫಣ್ಣ.

"ಆಹಾ! ಏನೂ ಇಲ್ವಂತೆ! ಶೂನ್ಯ!" ಎಂದು ಸಭೆ ತಲೆದೂಗಿತು.

ಕೊನೆಗೆ ಮಾಸ್ತರು ಸೀಟಿ ಊದಿದರು. ದೀಪಗಳು ಮಂಕಾದವು. ಪ್ರೂಫಣ್ಣ ಮಲಗಿದ. ಎಂಥ ಮಂಚ! ಕೈ ಚಾಚಿದರೆ ಅಂಚು ಸಿಗದು. ಕಾಲು ಚಾಚಿದರೆ ಚಪ್ಪಲಿ ತಾಗದು. ಇದೇ ಸುಖಕ್ಕಾಗಿ ಹನ್ನೊಂದು ವರ್ಷ ಕಾದಿದ್ದವನಿಗೆ ಈಗ ನಿದ್ದೆ ಮಾತ್ರ ಹತ್ತಿರ ಸುಳಿಯಲಿಲ್ಲ. ಮುನ್ನೂರು ಜನ ಉಸಿರು ಬಿಗಿಹಿಡಿದು ಅವನ ಉಸಿರಿಗೆ ಕಾಯುತ್ತಿದ್ದರು. ಐದು ನಿಮಿಷ. ಹತ್ತು ನಿಮಿಷ. ತಾನು ತಿದ್ದಿದ್ದ ನಿದ್ದೆ ಮಾತ್ರೆಗಳ ಕಾಗದಗಳನ್ನೆಲ್ಲ ಮನಸ್ಸಿನಲ್ಲೇ ಓದಿಕೊಂಡ. ಅಲ್ಪವಿರಾಮದ ತಪ್ಪೊಂದು ಕಂಡು ಇನ್ನಷ್ಟು ಎಚ್ಚರವಾಯಿತು.

ಕಾಲು ಗಂಟೆಯಾದಾಗ ಅವನಿಗೆ ಹೆದರಿಕೆ ಹತ್ತಿತು. ನಿದ್ದೆ ಬರದಿದ್ದರೆ ಗೊರಕೆಯಿಲ್ಲ, ಗೊರಕೆಯಿಲ್ಲದಿದ್ದರೆ ಹಾಸಿಗೆಯಿಲ್ಲ. ಕಣ್ಣು ಗಟ್ಟಿಯಾಗಿ ಮುಚ್ಚಿ, ಮೂಗು ಬಿಗಿದು, ಧೈರ್ಯ ಮಾಡಿ ಒಂದು ಗೊರಕೆ ಹೊಡೆದೇಬಿಟ್ಟ. ಅದು ಬೆಕ್ಕು ಕೆಮ್ಮಿದ ಹಾಗೆ ಕೇಳಿಸಿತು.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಸೌಂಡಿನವನು ಹೆಡ್‌ಫೋನು ಸರಿಸಿ, "ಇದಲ್ಲ," ಎಂದ. ಪ್ರೂಫಣ್ಣ ಇನ್ನೊಂದು ಹೊಡೆದ. "ಇದೂ ಅಲ್ಲ ಸಾರ್."

"ಬಿಡಿ ಪಾಪ, ಬಲವಂತಕ್ಕೆ ಬರೋದಲ್ಲ ಅದು," ಎಂದಳು ನಿರ್ದೇಶಕಿ. ಅವಳ ದನಿಯಲ್ಲಿದ್ದ ನಿರಾಸೆ ಕೇಳಿ ಪ್ರೂಫಣ್ಣನಿಗೆ ಮಂಚವೇ ಬಾಯಿ ತೆರೆದು ನುಂಗಬಾರದೇ ಎನಿಸಿತು. ಎದ್ದು ಕುಳಿತು ಮುಖ ಒರೆಸಿಕೊಂಡ.

ಆಗ ಅದು ಬಂತು.

ಮೊದಲು ನೆಲದಿಂದ ಎದ್ದಂತೆ, ತುಂಬ ದೂರದಿಂದ. ಆಮೇಲೆ ಏರಿತು, ಇನ್ನೂ ಏರಿತು, ಕಿಟಕಿಯ ಗಾಜು ಸಣ್ಣಗೆ ಗುಂಯ್‌ಗುಟ್ಟಿತು. ಮೇಲೆ ಹೋಗಿ ಒಂದು ಗಳಿಗೆ ಅಲ್ಲೇ ನಿಂತು, ಬಂಡೆ ಉರುಳಿದಂತೆ ಕೆಳಗಿಳಿಯಿತು. ಎಲ್ಲರೂ ಪ್ರೂಫಣ್ಣನನ್ನು ನೋಡಿದರು. ಅವನು ಬಾಯಿ ಮುಚ್ಚಿಕೊಂಡು, ಕಣ್ಣು ಬಿಟ್ಟುಕೊಂಡು, ಅವರನ್ನೇ ನೋಡುತ್ತಿದ್ದ. ಸೌಂಡಿನವನು ಹೆಡ್‌ಫೋನು ಕಿತ್ತೆಸೆದು ಮೈಕು ಹಿಡಿದು ವೇದಿಕೆಯಿಂದ ಧುಮುಕಿದ. ಎರಡೇ ಹೆಜ್ಜೆ ಇಟ್ಟು ಮೊದಲ ಸಾಲಿನ ಮುಂದೆ ಮಂಡಿಯೂರಿದ.

ಮೊದಲ ಸಾಲಿನ ನಡುವಿನ ಕುರ್ಚಿಯಲ್ಲಿ, ಬೆಳಗಿನಿಂದ ಚಹಾ ಕಾಸಿ ಸುಸ್ತಾಗಿದ್ದ ಪ್ರೂಫಣ್ಣನ ಹೆಂಡತಿ ತಲೆ ಹಿಂದಕ್ಕೆ ಚೆಲ್ಲಿ, ಬಾಯಿ ಅರೆ ತೆರೆದು, ಲೋಕ ಮರೆತಿದ್ದಳು.

ಯಾರೂ ಅಲುಗಲಿಲ್ಲ. ನಿರ್ದೇಶಕಿ ಕೈ ಮುಗಿದಳು. ಮಾಸ್ತರು ಟೋಪಿ ತೆಗೆದರು. ಏರುತ್ತಾ ಇಳಿಯುತ್ತಾ ಆ ಉಸಿರು ಸಭಾಂಗಣವನ್ನು ತೊಟ್ಟಿಲಿನಂತೆ ತೂಗಿತು. ಪ್ರೂಫಣ್ಣನ ಮೈಯೂ, ಚಿತ್ರಮಂದಿರದಲ್ಲಿ ಆದಂತೆಯೇ, ಜುಂ ಎಂದಿತು. ಇಷ್ಟು ವರ್ಷ ತನ್ನ ಮನೆಯಲ್ಲೇ ಇಂಥದ್ದು ನಡೆಯುತ್ತಿತ್ತು, ತಾನು ಕೊರಡಿನ ಹಾಗೆ ಬಿದ್ದಿದ್ದೆನಲ್ಲ!

ತಟ್ಟನೆ ಉಸಿರು ನಿಂತಿತು.

ಮಾಸ್ತರು ನರ್ಸಮ್ಮನ ಕುರ್ಚಿಯ ಹಿಂದೆ ಸರಿದರು. ಹೆಂಡತಿಯ ತಮ್ಮ ನೋಟ್ ಪುಸ್ತಕದಿಂದ ಮುಖ ಮುಚ್ಚಿಕೊಂಡ.

ಹೆಂಡತಿ ದಡಕ್ಕನೆ ಎದ್ದು, ಎದೆ ಹಿಡಿದುಕೊಂಡು, ವೇದಿಕೆಯ ಕಡೆ ಕೈ ತೋರಿಸಿದಳು. "ಕೇಳಿಸ್ತಾ? ಕೇಳಿಸ್ತಲ್ಲ ಈಗ ನಿಮಗೆಲ್ಲಾ? ನೋಡಿ ಹೇಗೆ ಹೊಡೀತಾರೆ! ಹತ್ತೊಂಬತ್ತು ವರ್ಷದಿಂದ ಇದೇ ಗೋಳು ನಂದು!"

ಸೌಂಡಿನವನು ಮೈಕಿನಲ್ಲಿ ಹಿಡಿದದ್ದನ್ನು ಮತ್ತೆ ಹಚ್ಚಿ ಕೇಳಿಸಿದ. ಆಮೇಲೆ ತಮ್ಮನ ಫೋನಿನಲ್ಲಿ ಆಗಷ್ಟೇ ಹಿಡಿದಿದ್ದ ವಿಡಿಯೊ ತೋರಿಸಿದ. ಹೆಂಡತಿಯ ಮುಖ ಕೆಂಪಾಯಿತು, ಬಿಳಿಚಿತು, ಕೊನೆಗೆ ಸೆರಗಿನೊಳಗೆ ಸೇರಿತು. ಅವಳ ತಮ್ಮ ಹಣೆ ಬಡಿದುಕೊಂಡ. "ಅಕ್ಕಾ! ಆವತ್ತು ಥಿಯೇಟರಿನಲ್ಲಿ ಉಸಿರು ನಮ್ಮ ಸಾಲಿನಲ್ಲೇ ಕೇಳಿಸ್ತಿತ್ತು. ಸೌಂಡ್ ಸಿಸ್ಟಮ್ ಅದ್ಭುತ ಅಂತ ಪುಸ್ತಕದಲ್ಲಿ ಬರ್ಕೊಂಡಿದ್ದೆ ನಾನು!"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದರೆ ಇದೇ. ಬರೆ ಹಾಕಿಸಿಕೊಂಡ ಪ್ರೂಫಣ್ಣ ನಿಧಾನವಾಗಿ ವೇದಿಕೆಯಿಂದ ಇಳಿದು ಬಂದ. ಅವನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹೆಂಡತಿಯ ಕಿವಿಯ ಹತ್ತಿರ ಬಗ್ಗಿ, "ಹಾಗಾದ್ರೆ... ಹಾಸಿಗೆ?" ಎಂದ.

"ಬನ್ನಿ ರೀ, ಇವತ್ತಿಂದಲೇ ಬನ್ನಿ," ಎಂದು ಅವಳು ಸೆರಗಿನೊಳಗಿನಿಂದಲೇ ಬಿಕ್ಕಿದಳು. "ತಪ್ಪೆಲ್ಲಾ ನಂದೇ. ಬೇಕಾದ್ರೆ ನಾನೇ ಬೆಂಚಿನ ಮೇಲೆ ಮಲಗ್ತೀನಿ."

ಪ್ರೂಫಣ್ಣನಿಗೆ ಅಷ್ಟು ಸಾಕಾಗಿತ್ತು. ಹನ್ನೊಂದು ವರ್ಷದ ಬೆನ್ನು ನೋವು ಆ ಒಂದು ಮಾತಿಗೇ ಅರ್ಧ ಇಳಿಯಿತು. ಆದರೆ ಅಷ್ಟರಲ್ಲಿ ನಿರ್ದೇಶಕಿ ನಡುವೆ ಬಂದು ಹೆಂಡತಿಯ ಎರಡೂ ಕೈ ಹಿಡಿದುಕೊಂಡಳು.

"ಅಮ್ಮಾ, ಎರಡನೇ ಭಾಗದಲ್ಲಿ ಅವನು ಮತ್ತೆ ಮಲಗ್ತಾನೆ. ಇಡೀ ಸಿನಿಮಾ ಉಸಿರಿನ ಮೇಲೇ ನಿಂತಿದೆ. ಬೆಂಚು ಗಿಂಚು ಅನ್ನಬೇಡಿ. ನೀವು ಅದೇ ಕೋಣೆ, ಅದೇ ಹಾಸಿಗೆ, ಅದೇ ಮಗ್ಗುಲು, ಒಂದನ್ನೂ ಬದಲಾಯಿಸಬಾರದು. ಇವತ್ತಿನ ಸುಸ್ತು ಬಹಳ ಚೆನ್ನಾಗಿದೆ, ಇವತ್ತೇ ಶುರು ಮಾಡಿಬಿಡೋಣ." ಆಮೇಲೆ ಪ್ರೂಫಣ್ಣನ ಕಡೆ ತಿರುಗಿ ಪಿಸುಗುಟ್ಟಿದಳು: "ಕೋಣೆಯಲ್ಲಿ ಇನ್ನೊಂದು ಉಸಿರು ಮಾತ್ರ ಇರಬಾರದು ಸಾರ್."

"ಎಷ್ಟು ದಿನ?" ಎಂದ ಪ್ರೂಫಣ್ಣ.

"ಒಂದು ವರ್ಷ. ಬೇಸಿಗೆಯ ಉಸಿರು ಬೇರೆ, ಚಳಿಗಾಲದ್ದು ಬೇರೆ."

ಮುನ್ನೂರು ಜನ ಅವನನ್ನೇ ನೋಡುತ್ತಿದ್ದರು. ಹೆಂಡತಿ ಸೆರಗು ಸರಿಸಿ ನೋಡುತ್ತಿದ್ದಳು. ಆ ಕಣ್ಣಿನಲ್ಲಿ ನಾಚಿಕೆಯ ಜೊತೆ ಅವನು ಯಾವತ್ತೂ ಕಾಣದ ಒಂದು ಹೊಳಪಿತ್ತು. ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ತನ್ನ ಕಣ್ಣಿನಲ್ಲಿದ್ದದ್ದೂ ಅದೇ ಎಂದು ಪ್ರೂಫಣ್ಣನಿಗೆ ಗೊತ್ತಾಯಿತು. ಅವನು ನಿರ್ದೇಶಕಿಯತ್ತ ತಿರುಗಿ ಆಗಲಿ ಎಂದು ತಲೆಯಾಡಿಸಿದ.

ಆರೂವರೆಗೆ ಹಾಸಿಗೆಯ ಮೇಲೆ ಅವನ ಜಾಗದಲ್ಲಿ ಮೈಕು ಮಲಗಿತ್ತು. ಅಲುಗಾಡದಿರಲೆಂದು ಅದರ ಕೆಳಗೆ ಅವನ ದಿಂಬನ್ನು ಇಟ್ಟಿದ್ದರು. ಬಾಗಿಲು ಮುಚ್ಚಿತು. ಪ್ರೂಫಣ್ಣ ಬೆಂಚಿನ ಮೇಲೆ ಕುಳಿತು ಬೆನ್ನು ಚೆಲ್ಲುವಷ್ಟರಲ್ಲಿ ಸೌಂಡಿನವನು ತುದಿಗಾಲಿನಲ್ಲಿ ಬಂದ.

"ಸಾರ್, ಬೇಜಾರು ಮಾಡ್ಕೋಬೇಡಿ. ನಿಮ್ಮ ಬೆಂಚು ಕಿರುಗುಟ್ಟೋದು ಒಳಗೆ ಕೇಳಿಸ್ತಿದೆ."

ಇಬ್ಬರೂ ಆ ಕಡೆ ಈ ಕಡೆ ಹಿಡಿದು, ಸದ್ದಾಗದಂತೆ ಬೆಂಚನ್ನು ಮನೆಯಿಂದ ಹೊರಗೆ, ಮೆಟ್ಟಿಲ ಪಕ್ಕದ ಮೂಲೆಗೆ ಸಾಗಿಸಿದರು. ಅಷ್ಟು ಹೊತ್ತಿಗೆ ಒಳಗಿನಿಂದ ಆ ಉಸಿರು ಎದ್ದಿತು. ಮುಚ್ಚಿದ ಬಾಗಿಲನ್ನು ದಾಟಿ, ಮೆಟ್ಟಿಲುಗಳನ್ನು ತುಂಬಿಕೊಂಡು, ಮೇಲಿನ ಮಹಡಿಗೆ ಏರಿ ಹೋಯಿತು. ಕಟ್ಟಡದ ಜನ ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲುಗಳ ಮೇಲೆ ಸಾಲಾಗಿ ಕುಳಿತು ಕೇಳತೊಡಗಿದರು. ಪ್ರೂಫಣ್ಣನೂ ಕೇಳಿದ. ಎಲ್ಲಿ ಬಿದ್ದರೂ ಕೊರಡಾಗುತ್ತಿದ್ದವನಿಗೆ ಈಗ ತನ್ನ ಬೆಂಚಿನ ಮೇಲೂ ಕಣ್ಣು ಮುಚ್ಚಲಾಗಲಿಲ್ಲ. ರೋಮವೆಲ್ಲ ಎದ್ದು ನಿಂತಿತ್ತು, ಬೆನ್ನೂ ನೋಯುತ್ತಿತ್ತು. ಅವನು ದೊಡ್ಡದಾಗಿ ನಿಟ್ಟುಸಿರು ಬಿಟ್ಟ.

ಕೆಳಗಿನ ಮೆಟ್ಟಿಲಿನಿಂದ ಮಾಸ್ತರು ತುಟಿಯ ಮೇಲೆ ಬೆರಳಿಟ್ಟುಕೊಂಡು ತಿರುಗಿ ನೋಡಿದರು.

"ಪ್ರೂಫಣ್ಣಾ, ಸ್ವಲ್ಪ ಮೆಲ್ಲಗೆ ಉಸಿರಾಡಪ್ಪಾ."